ಸರಣಿ ಸೊರಗಿದಾಗ: ಓದಬೇಕೋ, ಹಾರಿಸಬೇಕೋ, ಬಿಡಬೇಕೋ

ಹತ್ತು ಹನ್ನೆರಡು ಸಂಪುಟಗಳ ಫ್ಯಾಂಟಸಿ ಸರಣಿ ಹಿಡಿದವರಿಗೆ ಐದನೆಯದೋ ಏಳನೆಯದೋ ಸಂಪುಟದ ನಡುವೆ ಒಂದು ಗಳಿಗೆ ಬರುತ್ತದೆ. ಮುಂದೇನಾಯಿತು ಎಂದು ಪುಟ ತಿರುಗಿಸುವುದು ನಿಂತು, ಇನ್ನೆಷ್ಟು ಪುಟ ಉಳಿದಿದೆ ಎಂದು ನೋಡುವುದು ಶುರುವಾಗುತ್ತದೆ. ಆಗ ಕೆಲವರು ಸಿಟ್ಟಿನಲ್ಲಿ ಪುಸ್ತಕ ಮುಚ್ಚಿ, ಮುಂದಿನ ಸಂಪುಟದಲ್ಲೇ ಚೇತರಿಸಿಕೊಳ್ಳಲಿದ್ದ ಸರಣಿಯನ್ನು ಕೈಬಿಡುತ್ತಾರೆ. ಇನ್ನು ಕೆಲವರು "ಇಷ್ಟು ಓದಿಯಾಗಿದೆಯಲ್ಲ" ಎಂಬ ಒಂದೇ ಕಾರಣಕ್ಕೆ ಮತ್ತೆ ಮೂರು ಸಾವಿರ ಪುಟ ಹಲ್ಲು ಕಚ್ಚಿ ಓದುತ್ತಾರೆ. ಕೊನೆಗೆ ಮೊದಲ ಸಂಪುಟಗಳ ಮೇಲಿದ್ದ ಪ್ರೀತಿಯೂ ಅವರಲ್ಲಿ ಉಳಿಯುವುದಿಲ್ಲ. ಇಬ್ಬರೂ ಏನು ಕೆಟ್ಟಿದೆ ಎಂದು ನೋಡದೆಯೇ ತೀರ್ಮಾನಕ್ಕೆ ಬಂದವರು. ಬೇಸರ ಒಂದೇ ತರಹ ಕಂಡರೂ ಅದರ ಕಾರಣಗಳು ಬೇರೆ ಬೇರೆ. ಕೆಲವಕ್ಕೆ ಮದ್ದಿದೆ, ಕೆಲವಕ್ಕಿಲ್ಲ.

ಬದಲಾದದ್ದು ಪುಸ್ತಕವೋ, ನೀವೋ

ಮೊದಲ ಸಂಪುಟವನ್ನು ಹದಿನೈದರ ವಯಸ್ಸಿನಲ್ಲಿ, ಏಳನೆಯದನ್ನು ಮೂವತ್ತರಲ್ಲಿ ಓದುತ್ತಿರುವವರು ಈ ಪರೀಕ್ಷೆಯನ್ನು ಬಿಡಬಾರದು. ಮೊದಲ ಸಂಪುಟದಿಂದ ಮೂರು ಅಧ್ಯಾಯ ಆರಿಸಿಕೊಳ್ಳಿ: ಆರಂಭದ್ದು ಒಂದು, ನಟ್ಟನಡುವಿನದು ಒಂದು, ತುಂಬ ಇಷ್ಟವಾಗಿತ್ತು ಎಂದು ನೆನಪಿರುವುದು ಒಂದು. ಮೂರನ್ನೂ ಒಂದೇ ಬಾರಿಗೆ ಕೂತು ಓದಿ. ಮರುದಿನ ಈಗ ಕೈಯಲ್ಲಿರುವ ಸಂಪುಟದಿಂದಲೂ ಅಷ್ಟೇ ಪುಟ ಓದಿ ಪಕ್ಕಪಕ್ಕ ಇಟ್ಟು ನೋಡಿ. ಹೆಚ್ಚು ಗಮನ ಬೇಕಿರುವುದು ನಡುವಿನ ಅಧ್ಯಾಯಕ್ಕೆ. ಆರಂಭವನ್ನೂ ಮುಕ್ತಾಯವನ್ನೂ ಎಲ್ಲ ಲೇಖಕರೂ ತಿದ್ದಿ ತೀಡುತ್ತಾರೆ. ಕೈ ಸಡಿಲಾಗಿದ್ದರೆ ಗೊತ್ತಾಗುವುದು ನಡುವಿನಲ್ಲೇ.

ಹಳೆಯ ಅಧ್ಯಾಯಗಳೂ ಪೇಲವ ಅನಿಸಿದರೆ ಸರಣಿ ಕುಸಿದಿಲ್ಲ, ನಿಮ್ಮ ರುಚಿ ಬೇರೆಯಾಗಿದೆ. ಇಂಥ ಸರಣಿಯನ್ನು ಸಮಾಧಾನದಿಂದ ಬಿಡಬಹುದು. ಲೇಖಕರನ್ನು ಬೈಯಲು ಕಾರಣವಿಲ್ಲ. ಹಳೆಯದು ಈಗಲೂ ಹಿಡಿದು ಕೂರಿಸುತ್ತದೆ, ಹೊಸದು ಮಾತ್ರ ಜಾರುತ್ತದೆ ಎಂದಾದರೆ ಮುಂದಿನ ಹಂತಕ್ಕೆ ಹೋಗಿ.

ಮೂರನೆಯ ಸಾಧ್ಯತೆ ಬರೀ ದಣಿವು. ರಾಬರ್ಟ್ ಜೋರ್ಡಾನ್ ಅವರ 'ದಿ ವೀಲ್ ಆಫ್ ಟೈಮ್' ಸರಣಿಯ ಹದಿನಾಲ್ಕು ಮುಖ್ಯ ಸಂಪುಟಗಳಲ್ಲಿ ಸುಮಾರು 43 ಲಕ್ಷ ಪದಗಳಿವೆ. ನಿಮಿಷಕ್ಕೆ 250 ಪದದ ವೇಗದಲ್ಲಿ ಓದಿದರೂ 285 ಗಂಟೆ ದಾಟುತ್ತದೆ. ಬಿಡುವಿಲ್ಲದೆ ನಾಲ್ಕು ಸಂಪುಟ ನುಂಗಿದವರಿಗೆ ಐದನೆಯದು ಎಷ್ಟೇ ಚೆನ್ನಾಗಿದ್ದರೂ ಹಿಡಿಸುವುದಿಲ್ಲ. ಎರಡು ತಿಂಗಳು ಅದನ್ನು ಬದಿಗಿಟ್ಟು, ಇನ್ನೂರು ಪುಟ ಮೀರದ, ಬೇರೆಯೇ ಜಾತಿಯ ಎರಡು ಮೂರು ಪುಸ್ತಕ ಓದಿ ಬನ್ನಿ. ಪರೀಕ್ಷೆ ಅದಾದ ಮೇಲಿರಲಿ.

ಎಳೆಗಳ ಲೆಕ್ಕ ಇಡುವುದು

ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ತೆರೆದ ಎಳೆ, ಮುಂದೆ ಸರಿದ ಎಳೆ, ಮುಗಿದ ಎಳೆ. ಎಳೆ ಎಂದರೆ ಉತ್ತರ ಸಿಗಲೇಬೇಕೆಂದು ಓದುಗ ಕಾಯುವ ಪ್ರಶ್ನೆ. ಪಟ್ಟ ಯಾರಿಗೆ, ಕಳೆದುಹೋದ ಅಕ್ಕ ಬದುಕಿದ್ದಾಳೆಯೇ, ಮಾಂತ್ರಿಕನ ಒಪ್ಪಂದದ ಬೆಲೆ ಏನು, ಇಂಥವು. ಒಂದು ಸಂಪುಟಕ್ಕೆ ಒಂದು ಹಾಳೆ ಸಾಕು. ಹಳೆಯ ಸಂಪುಟಗಳನ್ನು ನೆನಪಿನಿಂದಲೇ ತುಂಬಿಸಿ, ನೆನಪಾಗದ್ದನ್ನು ಬಿಟ್ಟುಬಿಡಿ. ಈಗಿನ ಸಂಪುಟಕ್ಕೆ ಮಾತ್ರ ಅಧ್ಯಾಯ ಮುಗಿದಂತೆಲ್ಲ ಹಾಳೆಯ ಹಿಂಬದಿಯಲ್ಲಿ ಒಂದೊಂದು ಸಾಲು ಬರೆಯಿರಿ: ಈ ಅಧ್ಯಾಯದಿಂದ ಏನು ಬದಲಾಯಿತು?

ಇದನ್ನು ಹೇಗೆ ತುಂಬುವುದು ಎನ್ನುವುದಕ್ಕೆ ಒಂದು ಕಲ್ಪಿತ ಉದಾಹರಣೆ. ಮೂವತ್ತು ಪುಟದ ಅಧ್ಯಾಯ. ರಾಣಿ ಏಳುತ್ತಾಳೆ, ಸ್ನಾನವಾಗುತ್ತದೆ, ಸೀರೆಯಂಚಿನ ಕಸೂತಿಗೆ ಅರ್ಧ ಪುಟ, ನಾಲ್ಕು ಮಂತ್ರಿಗಳ ಜೊತೆ ಸಭೆ, ಸಭೆಯಲ್ಲಿ ಹೋದ ಸಂಪುಟದ ಯುದ್ಧದ ಮರುಚರ್ಚೆ, ಕೊನೆಯ ಪ್ಯಾರಾದಲ್ಲಿ ಗಡಿಯಿಂದ ಮುದ್ರೆಯೊತ್ತಿದ ಪತ್ರ. ನೀವು ಬರೆಯಬೇಕಾದ ಸಾಲು: "ಪತ್ರ ಬಂತು." ಇನ್ನೂರು ಪುಟ ಕಳೆದ ಮೇಲೆ ಅವಳ ಮುಂದಿನ ಅಧ್ಯಾಯ. ಪತ್ರ ಒಡೆಯುತ್ತಾಳೆ. ಗಡಿಯ ಕೋಟೆ ಬಿತ್ತು ಎಂದಿದೆ. ಆ ಕೋಟೆ ಬಿದ್ದದ್ದನ್ನು ಸೈನಿಕನೊಬ್ಬನ ಕಣ್ಣಿನಿಂದ ನೀವು ಆಗಲೇ ಓದಿದ್ದೀರಿ. ರಾಣಿ ಕಿಟಕಿಯ ಬಳಿ ನಿಂತು ಯೋಚಿಸುತ್ತಾಳೆ, ಅಧ್ಯಾಯ ಮುಗಿಯುತ್ತದೆ. ಸಾಲು: "ಏನೂ ಇಲ್ಲ." ಓದುಗನಿಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಾಗುವುದರಲ್ಲೇ ಅಧ್ಯಾಯಗಳು ಸವೆಯುತ್ತಿದ್ದರೆ ಸರಣಿ ಉಬ್ಬಿದೆ ಎಂದೇ ಅರ್ಥ. ಓದುತ್ತಿರುವಾಗ ಇದು ಗಮನಕ್ಕೆ ಬರುವುದಿಲ್ಲ, ಏಕೆಂದರೆ ವಾಕ್ಯಗಳು ಚೆನ್ನಾಗಿಯೇ ಇರುತ್ತವೆ. ಸಾಲು ಬರೆಯಲು ಕೂತಾಗಲೇ ಕೈ ನಿಲ್ಲುವುದು.

ಹತ್ತು ಅಧ್ಯಾಯದಲ್ಲಿ ಎರಡು ಮೂರಕ್ಕೆ "ಏನೂ ಇಲ್ಲ" ಬಿದ್ದರೆ ಗಾಬರಿಯಾಗಬೇಕಿಲ್ಲ, ಒಳ್ಳೆಯ ಪುಸ್ತಕಕ್ಕೂ ಉಸಿರಾಡಲು ಜಾಗ ಬೇಕು. ಆರು ದಾಟಿದರೆ ಕೆಟ್ಟಿದೆ. ಕಾಲಂಗಳ ವಿಷಯಕ್ಕೆ ಬಂದರೆ, ಸರಣಿಯ ಮೊದಲರ್ಧದಲ್ಲಿ ತೆರೆದ ಎಳೆಗಳು ಮುಗಿದವಕ್ಕಿಂತ ಹೆಚ್ಚಿರುವುದು ಸಹಜ. ನಡು ದಾಟಿದ ಮೇಲೆ ಅದು ತಿರುಗಬೇಕು. ಹತ್ತು ಸಂಪುಟ ಎಂದು ಘೋಷಿಸಿದ ಸರಣಿಯ ಎಂಟನೆಯದರಲ್ಲಿ ಆರು ಹೊಸ ಎಳೆ ತೆರೆದು ಒಂದೇ ಒಂದು ಮುಗಿದಿದ್ದರೆ, ಒಂದೋ ಸಂಪುಟಗಳ ಸಂಖ್ಯೆ ಬೆಳೆಯುತ್ತದೆ, ಇಲ್ಲವೇ ಕೊನೆಯದರಲ್ಲಿ ಎಲ್ಲವನ್ನೂ ಗಡಿಬಿಡಿಯಲ್ಲಿ ಗಂಟು ಕಟ್ಟುತ್ತಾರೆ.

ಇನ್ನೊಂದು ಲೆಕ್ಕ ಎರಡು ನಿಮಿಷದ್ದು: ಕಥೆ ಎಷ್ಟು ಜನರ ಕಣ್ಣಿನಿಂದ ನಡೆಯುತ್ತಿದೆ ಎಂದು ಎಣಿಸಿ. ಅರವತ್ತು ಅಧ್ಯಾಯದ ಪುಸ್ತಕದಲ್ಲಿ ನಾಲ್ಕು ಜನರಿದ್ದರೆ ಒಬ್ಬೊಬ್ಬರಿಗೆ ಹದಿನೈದು ಅಧ್ಯಾಯ ಸಿಗುತ್ತದೆ, ಅಷ್ಟರಲ್ಲಿ ಒಬ್ಬ ಮನುಷ್ಯ ಬದಲಾಗಬಹುದು. ಹದಿನೈದು ಜನರಾದರೆ ತಲೆಗೆ ನಾಲ್ಕೇ. ನಾಲ್ಕು ಅಧ್ಯಾಯದಲ್ಲಿ ಒಬ್ಬಳು ಊರಿಂದ ಊರಿಗೆ ಹೋಗಬಹುದಷ್ಟೇ. "ಇಷ್ಟು ದಪ್ಪ ಪುಸ್ತಕ, ಆದರೂ ಏನೂ ನಡೆಯಲಿಲ್ಲ" ಎಂಬ ದೂರು ಎಷ್ಟೋ ಸಲ ಈ ಭಾಗಾಕಾರದಿಂದ ಹುಟ್ಟಿದ್ದು.

ಏನು ಕೆಟ್ಟಿದೆ, ಅದು ಸರಿಹೋಗುವಂಥದೇ

ಹರಡಿಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ, ಸುದೈವದಿಂದ ಚೇತರಿಕೆಯೂ ಇದರಲ್ಲೇ ಹೆಚ್ಚು. 'ದಿ ವೀಲ್ ಆಫ್ ಟೈಮ್' ಸರಣಿಯ ಹತ್ತನೆಯ ಸಂಪುಟ (2003) ಇದಕ್ಕೆ ಎಲ್ಲರೂ ಎತ್ತಿ ಆಡುವ ಉದಾಹರಣೆ. ಒಂಬತ್ತನೆಯದು (2000) ಜಗತ್ತನ್ನೇ ಅಲುಗಿಸುವ ಘಟನೆಯೊಂದಿಗೆ ಮುಗಿಯುತ್ತದೆ. ಎರಡು ವರ್ಷಕ್ಕೂ ಹೆಚ್ಚು ಕಾದು ಹತ್ತನೆಯದನ್ನು ತೆರೆದವರಿಗೆ ಸಿಕ್ಕಿದ್ದೇನು? ಕಥೆ ಹಿಂದಕ್ಕೆ ಹೋಗಿ, ಆ ಘಟನೆ ನಡೆದಾಗ ಬೇರೆ ಬೇರೆ ಪಾತ್ರಗಳು ಎಲ್ಲೆಲ್ಲಿದ್ದರು, ದೂರದಿಂದ ಅವರಿಗೆ ಏನನ್ನಿಸಿತು ಎಂಬುದರಲ್ಲೇ ದೊಡ್ಡ ಭಾಗ ಕಳೆಯುತ್ತದೆ. ಅಲ್ಲಿ ಬಿಟ್ಟವರು ತುಂಬ ಜನ. ಆದರೆ ಹನ್ನೊಂದನೆಯದು (2005) ವೇಗ ಹಿಡಿದು, ವರ್ಷಗಳಿಂದ ನಿಂತಿದ್ದ ಎಳೆಗಳನ್ನು ಮುಗಿಸುತ್ತ ಹೋಗುತ್ತದೆ. ಹರಡಿದ ಸರಣಿಯನ್ನು ಬಿಡುವ ಮುನ್ನ ಮುಂದಿನ ಸಂಪುಟದ ಬಗ್ಗೆ ಒಂದು ಮಾತು ವಿಚಾರಿಸಬೇಕು ಎನ್ನುವುದು ಇದಕ್ಕೇ.

ಯೋಜನೆಯೇ ಮುರಿದು ಬೀಳುವುದು ಇನ್ನೊಂದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಶುರುವಾದದ್ದು ಮೂರು ಸಂಪುಟದ ಯೋಜನೆಯಾಗಿ. 1996ರಿಂದ 2000ರೊಳಗೆ ಮೂರು ಬಂದವು, ಕಥೆ ಮುಗಿಯಲಿಲ್ಲ. ಮೂರನೆಯದಾದ ಮೇಲೆ ಕಥೆಯೊಳಗೆ ಐದು ವರ್ಷ ಹಾರಿಸುವ ಯೋಚನೆಯಿತ್ತು, ಅದನ್ನು ಕೈಬಿಟ್ಟರು. ಬರೆದದ್ದು ಒಂದು ಪುಸ್ತಕಕ್ಕೆ ಮೀರಿದಾಗ ಅದನ್ನು ಕಾಲದ ಪ್ರಕಾರ ಕತ್ತರಿಸದೆ ಪಾತ್ರ ಮತ್ತು ಪ್ರದೇಶದ ಪ್ರಕಾರ ಕತ್ತರಿಸಿದರು. ಹಾಗಾಗಿ ನಾಲ್ಕನೆಯದರಲ್ಲಿ (2005) ಓದುಗರ ಮೆಚ್ಚಿನ ಹಲವರು ಕಾಣಿಸುವುದೇ ಇಲ್ಲ, ಅವರು ಬರುವುದು ಐದನೆಯದರಲ್ಲಿ (2011). ನಾಲ್ಕನೆಯದರ ಮೇಲಿನ ಅರ್ಧ ಸಿಟ್ಟು ಬರಹದ ಮೇಲಿನದಲ್ಲ, ಈ ಗೈರುಹಾಜರಿಯ ಮೇಲಿನದು. ಮದ್ದು ಸುಲಭ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ಕಾಲಕ್ಕೆ ತಕ್ಕಂತೆ ಅಧ್ಯಾಯಗಳನ್ನು ಹೆಣೆದು ಓದುವ ಕ್ರಮಗಳನ್ನು ಓದುಗರೇ ಸಿದ್ಧಪಡಿಸಿದ್ದಾರೆ. ಮೊದಲ ಸಲ ಓದುವವರು ಅಚ್ಚಾದ ಕ್ರಮದಲ್ಲೇ ಓದುವುದು ವಾಸಿ. ಹೆಣೆದ ಕ್ರಮ ಎರಡನೆಯ ಓದಿಗೆ.

ಸಂಪಾದಕರ ಕತ್ತರಿ ಮೊಂಡಾಗುವುದು ಜನಪ್ರಿಯ ಸರಣಿಗಳ ಕಾಯಿಲೆ. ಹೊಸ ಲೇಖಕರಿಗೆ "ಈ ಎಂಬತ್ತು ಪುಟ ತೆಗೆಯಿರಿ" ಎನ್ನುವುದು ಸುಲಭ. ಲಕ್ಷಗಟ್ಟಲೆ ಪ್ರತಿ ಮಾರುವವರಿಗೆ ಹೇಳುವುದು ಕಷ್ಟ, ಬಿಡುಗಡೆಯ ದಿನಾಂಕ ಮೊದಲೇ ನಿಗದಿಯಾಗಿದ್ದರೆ ಹೇಳಲು ಸಮಯವೂ ಇರುವುದಿಲ್ಲ. ಗುರುತು ಹಿಡಿಯುವುದು ಹೀಗೆ: ಒಂದೇ ಪದಗುಚ್ಛ, ಒಂದೇ ಹಾವಭಾವ ಪುಟಪುಟಕ್ಕೂ ಮರುಕಳಿಸುತ್ತದೆ, ಹಿಂದಿನ ಸಂಪುಟದ ಸಾರಾಂಶ ಸಂಭಾಷಣೆಯೊಳಗೆ ನುಸುಳುತ್ತದೆ. ಆದರೆ ದಪ್ಪವೊಂದೇ ಸಾಕ್ಷಿಯಲ್ಲ. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ (1997) ಸುಮಾರು 77 ಸಾವಿರ ಪದ, ಐದನೆಯದು (2003) ಸುಮಾರು 2 ಲಕ್ಷ 57 ಸಾವಿರ. ಆ ಐದನೆಯದನ್ನೇ ಅತ್ಯುತ್ತಮ ಎನ್ನುವವರೂ ಇದ್ದಾರೆ, ಸಹಿಸಲಾರದವರೂ ಇದ್ದಾರೆ. ಎಳೆಗಳ ಹಾಳೆ ಏನು ಹೇಳುತ್ತದೋ ಅದನ್ನು ನೋಡಿ, ತೂಕವನ್ನಲ್ಲ.

ದಿಕ್ಕು ಬದಲಾಗುವುದನ್ನು ಕುಸಿತ ಎಂದು ತಪ್ಪಾಗಿ ಓದುವವರು ಬಹಳ. ಅರ್ಸುಲಾ ಲೆ ಗ್ವಿನ್ ಅವರ 'ಅರ್ಥ್‌ಸೀ' ಸರಣಿಯ ಮೊದಲ ಮೂರು 1968ರಿಂದ 1972ರೊಳಗೆ ಬಂದವು. ನಾಲ್ಕನೆಯದು ಬಂದದ್ದು 1990ರಲ್ಲಿ. ಮಾಂತ್ರಿಕನ ಸಾಹಸ ಬಯಸಿ ಹೋದವರಿಗೆ ಅಲ್ಲಿ ಸಿಕ್ಕಿದ್ದು ನಡುವಯಸ್ಸಿನ ಹೆಂಗಸು, ಸುಟ್ಟ ಗಾಯದ ಮಗು, ಶಕ್ತಿ ಕಳೆದುಕೊಂಡ ಗಂಡಸು. ವಾಕ್ಯ ವಾಕ್ಯವಾಗಿ ನೋಡಿದರೆ ಅದು ಸೊರಗಿದ ಬರಹವಲ್ಲ, ಲೇಖಕಿ ಬೇರೆ ಪ್ರಶ್ನೆ ಕೇಳುತ್ತಿದ್ದಾರೆ. ಇಂಥ ಸಂಪುಟವನ್ನು ಸರಣಿಯ ಮುಂದಿನ ಭಾಗವೆಂದುಕೊಳ್ಳದೆ ಬಿಡಿ ಕಾದಂಬರಿಯಂತೆ ಮೊದಲ ಅರವತ್ತು ಪುಟ ಓದಿ ನೋಡಿ. ಹಿಡಿಸದಿದ್ದರೆ ಮೂರಕ್ಕೆ ನಿಲ್ಲಿಸುವುದರಲ್ಲಿ ಏನೂ ತಪ್ಪಿಲ್ಲ, ಆ ಮೂರು ತಮ್ಮಷ್ಟಕ್ಕೆ ಪೂರ್ಣವಾಗಿಯೇ ಇವೆ.

ಸರಿಹೋಗುವುದು ಅಪರೂಪ ಎನ್ನಬಹುದಾದ ಕಾಯಿಲೆಗಳು ಎರಡು. ಒಂದು, ಪಾತ್ರಗಳು ಲೇಖಕರ ಭಾಷಣದ ಧ್ವನಿವರ್ಧಕಗಳಾಗುವುದು. ನಾಯಕ ಎರಡು ಪುಟ ಮಾತಾಡುತ್ತಾನೆ, ಎದುರಾಳಿ ಬಾಯಿ ಮುಚ್ಚಿಕೊಂಡು ಕೇಳುತ್ತಾನೆ, ಯಾರೂ ಒಂದು ಗಟ್ಟಿ ಎದುರುವಾದ ಹೂಡುವುದಿಲ್ಲ. ಇದು ಎರಡು ಸಂಪುಟಗಳಲ್ಲಿ ಸತತವಾಗಿ ಕಂಡರೆ ಮೂರನೆಯದರಲ್ಲಿ ಇನ್ನೂ ಹೆಚ್ಚಾಗಿರುತ್ತದೆ ಎಂದುಕೊಳ್ಳಿ. ಎರಡು, ಮಾಂತ್ರಿಕತೆಯ ಬೆಲೆ ಇಲ್ಲವಾಗುವುದು. ಮೊದಲ ಸಂಪುಟದಲ್ಲಿ ಒಂದು ಮಂತ್ರಕ್ಕೆ ಮೂರು ದಿನ ಜ್ವರ ಬರುತ್ತಿತ್ತು, ಆರನೆಯದರಲ್ಲಿ ಅದೇ ಮಂತ್ರವನ್ನು ಊಟದ ನಡುವೆ ಹಾಕುತ್ತಾರೆ. ಪ್ರತಿ ಸಂಪುಟಕ್ಕೂ ಹಿಂದಿನವನಿಗಿಂತ ದೊಡ್ಡ ಖಳ ಬೇಕು, ಅವನನ್ನು ಮಣಿಸಲು ಹಿಂದೆಂದೂ ಸುಳಿವಿರದ ಹೊಸ ಶಕ್ತಿ ಬೇಕು. ಬಿಕ್ಕಟ್ಟು ಬಗೆಹರಿದ ಜಾಗದಲ್ಲಿ ನಿಂತು, ಈ ಪರಿಹಾರದ ಸುಳಿವು ಇನ್ನೂರು ಪುಟ ಹಿಂದೆ ಎಲ್ಲಾದರೂ ಇತ್ತೇ ಎಂದು ಹುಡುಕಿ. ಒಂದೇ ಸಂಪುಟದಲ್ಲಿ ಎರಡು ಸಲ ಸಿಗದಿದ್ದರೆ ಆತಂಕಪಡುವ ಶಕ್ತಿಯನ್ನೇ ಆ ಸರಣಿ ಓದುಗನಿಂದ ಕಸಿದಿದೆ. ಕಳೆದ ಬೆಲೆಯನ್ನು ಮತ್ತೆ ತರುವುದು ಲೇಖಕರಿಗೂ ಕಷ್ಟ.

ಹಾರಿಸಿ ಓದುವುದು

ಹಾರಿಸುವುದು ಪಾಪವಲ್ಲ, ಆದರೆ ಕ್ರಮವಿಲ್ಲದೆ ಹಾರಿಸಿದರೆ ಮುಂದೆ ತಲೆಬುಡ ತಿಳಿಯುವುದಿಲ್ಲ. ಮೂರು ಲಕ್ಷ ಪದದ ಸಂಪುಟ ಪೂರ್ತಿ ಓದಲು ಇಪ್ಪತ್ತು ಗಂಟೆ ಬೇಕು. ಕೆಳಗಿನ ಕ್ರಮದಲ್ಲಿ ಆರೇಳು ಗಂಟೆಗೆ ಮುಗಿಯುತ್ತದೆ.

1. ಪ್ರಸ್ತಾವನೆಯ ಅಧ್ಯಾಯವನ್ನು ಪೂರ್ತಿ ಓದಿ. ಹಾರಿಸುವವರು ಮೊದಲು ಕೈಬಿಡುವುದು ಇದನ್ನೇ, ಮಾಡಬಾರದ ತಪ್ಪೂ ಇದೇ. ದೂರದ ಪಾತ್ರಗಳ ಮುಖ್ಯ ನಡೆಗಳನ್ನು ದೊಡ್ಡ ಸರಣಿಗಳು ಅಲ್ಲಿಯೇ ತುರುಕುತ್ತವೆ.
2. ಹಾಳೆಯಿಂದ ನಿಮಗೆ ಮುಖ್ಯವಾದ ಎರಡು ಮೂರು ಎಳೆಗಳನ್ನಷ್ಟೇ ಆರಿಸಿ. ಆ ಪಾತ್ರಗಳ ಅಧ್ಯಾಯಗಳನ್ನು ಪೂರ್ತಿ ಓದಿ.
3. ಉಳಿದ ಅಧ್ಯಾಯಗಳಲ್ಲಿ ಮೊದಲ ಎರಡು ಪುಟ, ಕೊನೆಯ ಎರಡು ಪುಟ, ನಡುವೆ ಸಂಭಾಷಣೆ ಮಾತ್ರ. ಬಟ್ಟೆ, ಊಟ, ಪ್ರಯಾಣ ಬಂದಲ್ಲಿ ಕಣ್ಣು ಕೆಳಗಿಳಿಯಲಿ. ಹೊಸ ಹೆಸರು ಎರಡನೆಯ ಸಲ ಕಂಡರೆ ನಿಂತು ಓದಿ.
4. ಕೊನೆಯ ಐದನೇ ಒಂದು ಭಾಗದಲ್ಲಿ ಹಾರಿಸುವುದನ್ನು ನಿಲ್ಲಿಸಿ. ಎಳೆದಾಡಿದ ಸಂಪುಟಗಳೂ ತಮ್ಮ ಸರಕನ್ನು ಅಲ್ಲಿಯೇ ಸುರಿಯುತ್ತವೆ.

ಇ-ಪುಸ್ತಕವಾದರೆ ಪಾತ್ರದ ಹೆಸರನ್ನು ಹುಡುಕಿ ಎಲ್ಲೆಲ್ಲಿ ಬರುತ್ತದೆ ಎಂದು ನೋಡಬಹುದು. ಅಡ್ಡಹೆಸರು, ಬಿರುದುಗಳನ್ನೂ ಹುಡುಕಿ, ಫ್ಯಾಂಟಸಿಯಲ್ಲಿ ಒಬ್ಬನಿಗೆ ನಾಲ್ಕು ಹೆಸರು. ಆಡಿಯೋಬುಕ್‌ನಲ್ಲಿ ಹಾರಿಸುವುದು ಕಷ್ಟ, ಎಲ್ಲಿ ಇಳಿಯಬೇಕು ಎಂದು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ವೇಗವನ್ನು 1.25ಕ್ಕೋ 1.5ಕ್ಕೋ ಏರಿಸಿ ಬೇರೆ ಕೆಲಸದ ಜೊತೆ ಕೇಳಿಬಿಡುವುದೇ ಒಳ್ಳೆಯದು. ನಿಧಾನಗತಿಯ ಸಂಪುಟಗಳನ್ನು ದಾಟಿಸಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಇಡೀ ಸಂಪುಟವನ್ನೇ ಬಿಟ್ಟು ಸಾರಾಂಶ ಓದುವುದಾದರೆ ಅಧ್ಯಾಯವಾರು ಸಾರಾಂಶವನ್ನೇ ಆರಿಸಿ. ಅಭಿಮಾನಿಗಳ ವಿಕಿ ತಾಣಗಳಲ್ಲಿ ಪಾತ್ರದ ಹೆಸರಿನ ಪುಟ ತೆರೆಯಬೇಡಿ. ಅವನು ಯಾವ ಸಂಪುಟದಲ್ಲಿ, ಯಾರ ಕೈಯಲ್ಲಿ ಸತ್ತ ಎಂಬುದು ಮೊದಲ ಸಾಲಲ್ಲೇ ಇರುತ್ತದೆ.

ಬಿಡುವುದಾದರೆ ಎಲ್ಲಿ ಬಿಡಬೇಕು

ಅಧ್ಯಾಯದ ನಡುವೆ ಬಿಟ್ಟ ಸರಣಿ ಮನಸ್ಸನ್ನು ಕೊರೆಯುತ್ತಲೇ ಇರುತ್ತದೆ. ಒಂದು ಪರ್ವ ಮುಗಿದ ಜಾಗ ಹುಡುಕಿ. ಕೆಲವು ಸರಣಿಗಳಲ್ಲಿ ಅದು ಸ್ಪಷ್ಟ: ರಾಜರ್ ಝೆಲಾಜ್ನಿಯವರ 'ಆಂಬರ್' ಸರಣಿಯ ಮೊದಲ ಐದು (1970–1978) ಒಬ್ಬ ನಾಯಕನ ಕಥೆ, ಮುಂದಿನ ಐದು (1985–1991) ಅವನ ಮಗನದು. ಐದಕ್ಕೆ ನಿಂತವರಿಗೆ ಅರ್ಧಕ್ಕೆ ಬಿಟ್ಟಂತೆ ಅನಿಸುವುದಿಲ್ಲ. ಟೆರ್ರಿ ಪ್ರಾಟ್ಚೆಟ್ ಅವರ 'ಡಿಸ್ಕ್‌ವರ್ಲ್ಡ್'ನಂಥ, 41 ಕಾದಂಬರಿಗಳಿದ್ದೂ ಬಹುಪಾಲು ಬಿಡಿಬಿಡಿಯಾಗಿ ನಿಲ್ಲುವ ಸರಣಿಯಲ್ಲಿ ಈ ಚಿಂತೆಯೇ ಇಲ್ಲ, ಹಿಡಿಸದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು.

ಬಿಡುವಾಗ ಹಾಳೆಯ ಕೊನೆಗೆ ಹತ್ತು ಸಾಲಿನ ಟಿಪ್ಪಣಿ ಬರೆದಿಡಿ: ಯಾರು ಎಲ್ಲಿದ್ದಾರೆ, ಯಾರಿಗೆ ಯಾವ ಗುಟ್ಟು ಗೊತ್ತು, ಯಾವ ವಸ್ತು ಯಾರ ಕೈಯಲ್ಲಿದೆ. ನಾಲ್ಕು ವರ್ಷ ಬಿಟ್ಟು ಮರಳುವ ಮನಸ್ಸಾದರೆ ಮೊದಲಿನಿಂದ ಓದಬೇಕಾಗಿಲ್ಲ. ಹೊಸ ಸಂಪುಟ ಬಂದಾಗಲೆಲ್ಲ ಒಂದನೆಯದರಿಂದ ಶುರುಮಾಡುವ ಅಭ್ಯಾಸ ದೊಡ್ಡ ಸರಣಿಗಳಿಗೆ ಒಗ್ಗುವುದಿಲ್ಲ. ಚೆನ್ನಾಗಿರುವ ಸಂಪುಟಗಳನ್ನೇ ಹತ್ತು ಸಲ ಓದಿ ಸವೆಸುತ್ತೀರಿ, ಸೊರಗಿದವಕ್ಕೆ ತಲುಪುವಷ್ಟರಲ್ಲಿ ದಣಿದಿರುತ್ತೀರಿ.

ಮುಗಿಯದ ಸರಣಿ, ಕೈ ಬದಲಾದ ಸರಣಿ

ಮುಂದಿನ ಸಂಪುಟ ಬರುತ್ತದೋ ಇಲ್ಲವೋ ಗೊತ್ತಿಲ್ಲದ ಸರಣಿಯನ್ನು ಮುಂಗಡ ಕಾದಿರಿಸಬೇಡಿ. ಬಂದ ಮೇಲೂ ಮೊದಲ ವಾರದ ಹೊಗಳಿಕೆ ತೆಗಳಿಕೆಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಎಂಟುನೂರು ಪುಟವನ್ನು ಎರಡೇ ರಾತ್ರಿಗೆ ಓದಿ ಬರೆದವು ಅವು. ಒಂದು ತಿಂಗಳು ಬಿಟ್ಟು, ಹಿಂದಿನ ಸಂಪುಟದ ಬಗ್ಗೆ ನಿಮ್ಮದೇ ದೂರು ಹೇಳಿದ್ದವರು ಈಗ ಏನನ್ನುತ್ತಾರೆ ನೋಡಿ.

ಲೇಖಕರು ತೀರಿಕೊಂಡು ಇನ್ನೊಬ್ಬರು ಮುಗಿಸಿದ ಸರಣಿಗೆ ಬೇರೆ ಅಳತೆಗೋಲು ಬೇಕು. ಜೋರ್ಡಾನ್ 2007ರಲ್ಲಿ ತೀರಿಕೊಂಡಾಗ ಟಿಪ್ಪಣಿಗಳನ್ನೂ ಬರೆದ ಕೆಲವು ಭಾಗಗಳನ್ನೂ ಬಿಟ್ಟುಹೋಗಿದ್ದರು. ಅವರ ಪತ್ನಿ, ಸರಣಿಯ ಸಂಪಾದಕಿಯೂ ಆಗಿದ್ದ ಹ್ಯಾರಿಯಟ್ ಮೆಕ್‌ಡೂಗಲ್ ಆ ಕೆಲಸವನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಅವರಿಗೆ ಒಪ್ಪಿಸಿದರು. ಒಂದಾಗಬೇಕಿದ್ದ ಕೊನೆಯ ಸಂಪುಟ ಮೂರಾಗಿ 2009, 2010, 2013ರಲ್ಲಿ ಬಂತು. ಇಂಥಲ್ಲಿ ಮೊದಲು ಏರುಪೇರಾಗುವುದು ಹಾಸ್ಯ. ಘಟನೆಗಳನ್ನು ಟಿಪ್ಪಣಿಯಿಂದ ಕಟ್ಟಬಹುದು, ಒಬ್ಬ ಪಾತ್ರ ತಮಾಷೆ ಮಾಡುವ ಧಾಟಿಯನ್ನು ಟಿಪ್ಪಣಿಯಿಂದ ತರಲಾಗುವುದಿಲ್ಲ. ಈ ಸರಣಿಯ ಮ್ಯಾಟ್ ಎಂಬ ಪಾತ್ರದ ಬಗ್ಗೆ ಓದುಗರು ಎತ್ತಿದ ಆಕ್ಷೇಪವೂ ಇದೇ. ಎರಡನೆಯ ಕೈಗೆ ನೂರೈವತ್ತು ಪುಟಗಳ ಅವಕಾಶ ಕೊಡಿ. ಕಿವಿ ಹೊಂದಿಕೊಳ್ಳಲು ಅಷ್ಟು ಬೇಕು, ಅದಕ್ಕಿಂತ ಹೆಚ್ಚು ಬೇಕಾಗಿಲ್ಲ.

ನಿರಾಸೆಯನ್ನು ಹೇಳಿಕೊಳ್ಳುವುದಿದ್ದರೆ "ಬೋರು" ಎನ್ನುವ ಬದಲು ಸಂಪುಟ, ಅಧ್ಯಾಯ, ಎಳೆ ಹೆಸರಿಸಿ ಹೇಳಿ. "ನನಗೆ ಬೇಕಾದದ್ದು ಆಗಲಿಲ್ಲ" ಎನ್ನುವುದನ್ನೂ "ಆದದ್ದಕ್ಕೆ ಕಥೆ ಸಿದ್ಧತೆ ಮಾಡಿರಲಿಲ್ಲ" ಎನ್ನುವುದನ್ನೂ ಬೆರೆಸಬೇಡಿ. ಎರಡನೆಯದು ಮಾತ್ರ ವಿಮರ್ಶೆ. ಲೇಖಕರ ವಯಸ್ಸು, ಆರೋಗ್ಯ ಇದರೊಳಗೆ ಬರಬಾರದು.

ಕೊನೆಯ ಸಂಪುಟಕ್ಕೆ ಕೂರುವ ಮೊದಲು ಹಾಳೆ ತೆಗೆದು, ಮುಗಿಯಲೇಬೇಕಾದ ಮೂರು ಎಳೆಗಳಿಗೆ ಗುರುತು ಹಾಕಿ. ಹನ್ನೆರಡು ಸಂಪುಟದ ಎಲ್ಲ ಗಂಟೂ ಬಿಚ್ಚುವ ಮುಕ್ತಾಯ ಇರುವುದಿಲ್ಲ. ಆ ಮೂರು ಮುಗಿದಲ್ಲಿ ನಿಮ್ಮ ಓದೂ ಮುಗಿಯಬಹುದು. ಸ್ಟೀಫನ್ ಕಿಂಗ್ 'ದಿ ಡಾರ್ಕ್ ಟವರ್' ಸರಣಿಯ ಏಳನೆಯ ಸಂಪುಟದಲ್ಲಿ (2004) ಕಟ್ಟಕಡೆಯ ಭಾಗಕ್ಕೆ ಮುಂಚೆ ತಾವೇ ಅಡ್ಡ ಬಂದು, ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು ಎಂದು ಓದುಗರಿಗೆ ಹೇಳುತ್ತಾರೆ. ಹಾಗೆ ಹೇಳದ ಪುಸ್ತಕಗಳಲ್ಲಿ ಆ ಜಾಗ ಬಹುತೇಕ ಉಪಸಂಹಾರಕ್ಕೆ ಒಂದು ಅಧ್ಯಾಯ ಮೊದಲು ಇರುತ್ತದೆ. ಮದುವೆ, ಮಕ್ಕಳು, ಮುಂದಿನ ಸರಣಿಯ ಬೀಜ ಎಲ್ಲವೂ ಅದರಾಚೆಗೆ.